ಸೆಲೆಕ್ಟ್ ಬುಕ್ ಶಾಪ್: ಮುಟ್ಟಿ ನೋಡಿ ಕೊಳ್ಳಬೇಕಾದ ಪುಸ್ತಕಗಳಿಗಾಗಿ

ಬೆಂಗಳೂರಿನ ಬ್ರಿಗೇಡ್ ರಸ್ತೆಯ ಗದ್ದಲದಿಂದ ಅಡ್ಡ ಓಣಿಯೊಂದಕ್ಕೆ ತಿರುಗಿದರೆ ಸಿಗುವ ಸೆಲೆಕ್ಟ್ ಬುಕ್ ಶಾಪ್ 1945ರಲ್ಲಿ ಆರಂಭವಾದದ್ದು; ಒಂದೇ ಮನೆತನದವರು ನಡೆಸಿಕೊಂಡು ಬಂದಿರುವ ಈ ಅಂಗಡಿಗೆ ಸರ್ ಸಿ.ವಿ. ರಾಮನ್ ಅವರಂಥವರೂ ಬಂದು ಹೋಗುತ್ತಿದ್ದರು. ಕಲೆ, ಸಾಂಪ್ರದಾಯಿಕ ಅಡುಗೆ, ಆದಿವಾಸಿಗಳ ಚರಿತ್ರೆ ಈ ಮೂರು ವಿಷಯಗಳ ಹಳೆಯ ಪುಸ್ತಕಗಳನ್ನು ಕೂಡಿಡುವ ನನಗೆ ಇಲ್ಲಿನ ದೊಡ್ಡ ಅನುಕೂಲವೆಂದರೆ, ಹಣ ಕೊಡುವ ಮೊದಲು ಪ್ರತಿಯನ್ನು ಕೈಯಲ್ಲಿ ಹಿಡಿದು ಹಾಳೆ ತಿರುವಬಹುದು.

ಈ ಅನುಕೂಲದ ಬೆಲೆ ನನಗೆ ತಿಳಿದದ್ದು ಪೆಟ್ಟು ತಿಂದ ಮೇಲೆ. ಆನ್‌ಲೈನ್ ಮಾರಾಟಗಾರರೊಬ್ಬರ ‘ಉತ್ತಮ ಸ್ಥಿತಿ’ ಎಂಬ ಮಾತನ್ನು ನಂಬಿ ತರಿಸಿಕೊಂಡ ಶಿಲ್ಪಕಲೆಯ ಪುಸ್ತಕವೊಂದರಲ್ಲಿ ನಾಲ್ಕು ಚಿತ್ರಫಲಕಗಳನ್ನು, ಅಂದರೆ ಚಿತ್ರ ಅಚ್ಚಾದ ಹಾಳೆಗಳನ್ನು, ಯಾರೋ ಬ್ಲೇಡಿನಿಂದ ನಾಜೂಕಾಗಿ ಕತ್ತರಿಸಿ ತೆಗೆದಿದ್ದರು. ಬಹುಶಃ ಅವು ಈಗ ಯಾವುದೋ ಮನೆಯ ಗೋಡೆಯ ಮೇಲಿವೆ. ಮತ್ತೊಂದರಲ್ಲಿ ಆರ್ಟ್ ಪೇಪರಿನ ನುಣುಪು ಲೇಪ ತೇವ ಹೀರಿದ್ದರಿಂದ ಹಾಳೆಗಳು ಒಂದಕ್ಕೊಂದು ಅಂಟಿ, ಬಿಡಿಸಲು ಹೋದರೆ ಚಿತ್ರವೇ ಕಿತ್ತುಬರುವಂತಾಗಿತ್ತು. ಅಂದಿನಿಂದ ಕಲೆಯ ಪುಸ್ತಕವಾದರೆ ಪುಸ್ತಕದ ಮೊದಲಲ್ಲಿರುವ ಚಿತ್ರಗಳ ಪಟ್ಟಿಯೊಡನೆ ಫಲಕಗಳನ್ನು ಎಣಿಸಿ ನೋಡದೆ ಕೊಳ್ಳುವುದಿಲ್ಲ. 1946ರಲ್ಲಿ ಮುಂಬಯಿಯಲ್ಲಿ ಆರಂಭವಾದ ‘ಮಾರ್ಗ್’ ಕಲಾಪತ್ರಿಕೆಯ ಹಳೆಯ ಸಂಚಿಕೆಗಳಿಗೂ ಇದೇ ನಿಯಮ.

ಆದಿವಾಸಿ ಚರಿತ್ರೆಯ ವಿಷಯದಲ್ಲಿ ಕಣ್ಣಷ್ಟೇ ಸಾಲದು, ಪ್ರಕಟಣೆಯ ಲೆಕ್ಕವೂ ಗೊತ್ತಿರಬೇಕು. ಎಚ್.ವಿ. ನಂಜುಂಡಯ್ಯನವರು ಆರಂಭಿಸಿ, ಅವರ ನಿಧನಾನಂತರ ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರು ಪೂರ್ಣಗೊಳಿಸಿದ, ಮೈಸೂರು ವಿಶ್ವವಿದ್ಯಾನಿಲಯ ಪ್ರಕಟಿಸಿದ, ಮೈಸೂರು ಸೀಮೆಯ ಬುಡಕಟ್ಟು ಹಾಗೂ ಜಾತಿಗಳನ್ನು ಕುರಿತ ‘ದಿ ಮೈಸೂರ್ ಟ್ರೈಬ್ಸ್ ಅಂಡ್ ಕಾಸ್ಟ್ಸ್’ ಸಂಪುಟಗಳಲ್ಲಿ ಎರಡನೆಯದು 1928ರಲ್ಲಿ ಹೊರಬಂದರೆ ಮೊದಲನೆಯದು ಬಂದದ್ದು 1935ರಲ್ಲಿ. ಇದನ್ನರಿಯದವರು ಇಸವಿ ನೋಡಿ, ಬೇರೆ ಬೇರೆ ಮುದ್ರಣಗಳ ಸಂಪುಟಗಳನ್ನು ಬೆರೆಸಿದ್ದಾರೆಂದು ಅನುಮಾನಿಸಿ, ಒಳ್ಳೆಯ ಪ್ರತಿಯನ್ನು ಕೈಬಿಡುತ್ತಾರೆ. ಕಾಡುಕುರುಬರಂಥ ಸಮುದಾಯಗಳ ಬಗ್ಗೆ ಅಲ್ಲಿರುವುದು ಹೊರಗಿನವರು ವಿಚಾರಿಸಿ ಬರೆದುಕೊಂಡ ಮಾತು ಎಂಬ ಎಚ್ಚರದಿಂದಲೇ ಅದನ್ನು ಓದಬೇಕು. ಆದರೂ ಆ ಕಾಲದ ಮದುವೆಯ ಕ್ರಮ, ಆಹಾರ, ದೈವಗಳ ವಿವರ ಬೇರೆಡೆ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಅಡುಗೆಯ ಪುಸ್ತಕಗಳಿಗಾಗಿ ಮಾತ್ರ ಈ ಅಂಗಡಿಯೊಂದನ್ನೇ ನೆಚ್ಚಿಕೊಳ್ಳುವಂತಿಲ್ಲ. ಕನ್ನಡದಲ್ಲಿ 16ನೆಯ ಶತಮಾನದಲ್ಲೇ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ ಎಂಬ ಅಡುಗೆಯ ಗ್ರಂಥವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದಿದ್ದರೂ, ಅಚ್ಚಾದ ಹಳೆಯ ಪಾಕಪುಸ್ತಕಗಳು ಒಲೆಯ ಪಕ್ಕದಲ್ಲೇ ಸವೆದು ರದ್ದಿಗೆ ಹೋಗುವುದೇ ಹೆಚ್ಚು, ಅವಕ್ಕಾಗಿ ನಾನು ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಸಾಲನ್ನೂ ಸುತ್ತುತ್ತೇನೆ. ಎಣ್ಣೆ, ಅರಿಸಿನದ ಕಲೆ ಈ ಬಗೆಯ ಪುಸ್ತಕಕ್ಕೆ ದೋಷವಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ‘ಹುಣಿಸೆ ಕಡಿಮೆ ಸಾಕು’ ಎಂದು ಬರೆದಿದ್ದರೆ ನಾನಂತೂ ಚೌಕಾಸಿ ಮಾಡದೆ ಕೊಳ್ಳುತ್ತೇನೆ.

ಸೆಲೆಕ್ಟ್‌ನಲ್ಲಿ ಬೆಲೆ ಕಟ್ಟುವವರು ಪುಸ್ತಕ ಬಲ್ಲವರಾದ್ದರಿಂದ ಅಪರೂಪದ ಪ್ರತಿಯೊಂದು ರದ್ದಿಯ ದರಕ್ಕೆ ಸಿಕ್ಕೀತೆಂಬ ಆಸೆ ಬೇಡ. ಹೋಗುವಾಗ ಕೈಯಲ್ಲಿ ಸಮಯವಿರಲಿ, ಜೊತೆಗೆ ನಿಮ್ಮಲ್ಲಿ ಈಗಾಗಲೇ ಇರುವ ಸಂಪುಟಗಳ ಪಟ್ಟಿಯೂ ಇರಲಿ. ನನ್ನ ಪಟ್ಟಿಯಲ್ಲಿ 1935ರ ಆ ಮೊದಲನೆಯ ಸಂಪುಟದ ಜಾಗ ಇನ್ನೂ ಖಾಲಿಯಿದೆ.