ಒಸಡಿಗೆ ಸವರುವ ಎಚ್‌ಐವಿ ಕಿಟ್: ಪರೀಕ್ಷೆ ಸಲೀಸು, ಚೀಟಿಯೇ ತಲೆನೋವು

ಎರಡು ಡಬ್ಬಿ ತರಿಸಿದ್ದೆ. ಒಂದು ನನಗೆ, ಇನ್ನೊಂದು ಮನೆಯವರಿಗೆ. ನಾನು ಹಿಂದೆ ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡದ್ದು ಬಸುರಿಯಾಗಿದ್ದಾಗ. ಆ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಇಷ್ಟು ವರ್ಷ ಯಾರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಬಳಸುವುದು ನಿಜಕ್ಕೂ ಸಲೀಸು. ಸೂಜಿ ಇಲ್ಲ, ರಕ್ತ ಇಲ್ಲ. ಚಪ್ಪಟೆ ಕಡ್ಡಿಯ ಮೆತ್ತನೆಯ ತುದಿಯನ್ನು ಮೇಲಿನ ಒಸಡಿಗೊಂದು ಸಲ, ಕೆಳಗಿನದಕ್ಕೊಂದು ಸಲ ಸವರಿ ದ್ರಾವಣದ ಸೀಸೆಯಲ್ಲಿ ನಿಲ್ಲಿಸಬೇಕು. ತುಸು ಹೊತ್ತಿಗೆ ಕಡ್ಡಿಯ ಕಿಂಡಿಯಲ್ಲಿ ನಸುಗೆಂಪು ಏರತೊಡಗಿತು. ಎದೆ ಧಸಕ್ಕೆಂದಿತು. ಅದು ಫಲಿತಾಂಶವಲ್ಲವಂತೆ, ದ್ರವ ಮೇಲೇರುವ ಬಣ್ಣ ಅಷ್ಟೇ. 20 ನಿಮಿಷಕ್ಕೆ ಮೊದಲು ನೋಡಬಾರದು, 40 ದಾಟಿದರೆ ನೋಡಿ ಪ್ರಯೋಜನವಿಲ್ಲ. ಬಚ್ಚಲುಮನೆಯ ಚಿಲಕ ಹಾಕಿಕೊಂಡು ಯಾರ ಕೈಗೂ ಸಿಗದೆ 20 ನಿಮಿಷ ಕೂರುವುದೇ ಇದರಲ್ಲಿ ಕಷ್ಟದ ಕೆಲಸ. ಎರಡು ಸಲ ಬಾಗಿಲು ಬಡಿದರು. ಕೊನೆಗೆ 'ಸಿ' ಎದುರು ಒಂದೇ ಗೆರೆ, ಅಂದರೆ ಸೋಂಕು ಕಂಡಿಲ್ಲ. 'ಟಿ' ಎದುರೂ ಗೆರೆ ಮೂಡಿದ್ದರೆ, ಎಷ್ಟೇ ಮಸುಕಾಗಿದ್ದರೂ, ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಖಚಿತ ಮಾಡಿಕೊಳ್ಳಲೇಬೇಕು.

ಸಿಟ್ಟು ಬಂದದ್ದು ಒಳಗಿನ ಚೀಟಿಯ ಮೇಲೆ. ಈ ಕಿಟ್ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ಮಾಡಿಕೊಳ್ಳುವ ಪ್ರತಿಕಾಯವನ್ನು. ಹಾಗಾಗಿ ಕಳೆದ ಮೂರು ತಿಂಗಳಲ್ಲಿ ತಗುಲಿದ್ದು ತಪ್ಪಿಹೋಗಬಹುದು. ಇಂಥ ಸಂಗತಿ ಹಿಂಬದಿಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ. ಮುಂಬದಿಯಲ್ಲಿ 'ಯಾರು ಪರೀಕ್ಷಿಸಿಕೊಳ್ಳಬೇಕು' ಎಂಬಲ್ಲಿ ಹಲವು ಸಂಗಾತಿಗಳಿರುವವರು, ಸೂಜಿ ಹಂಚಿಕೊಳ್ಳುವವರು. ಗಂಡನೊಬ್ಬನನ್ನೇ ಬಲ್ಲ ಹೆಂಗಸು ಇದನ್ನೋದಿ ಡಬ್ಬಿ ಮುಚ್ಚಿಡುತ್ತಾಳೆ. 1981ರಲ್ಲಿ ಏಡ್ಸ್‌ನ ಮೊದಲ ವರದಿಗಳು ಬಂದಾಗ ಗಂಡಸರ ಕಾಯಿಲೆ ಎಂದುಕೊಂಡಿದ್ದರು, ಸರಿ. ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮವಾದ ಯುಎನ್‌ಏಡ್ಸ್‌ನ 2023ರ ಲೆಕ್ಕದಲ್ಲಿ ಸೋಂಕಿನೊಂದಿಗೆ ಬದುಕುತ್ತಿರುವ ಸುಮಾರು 4 ಕೋಟಿ ಜನರಲ್ಲಿ ಶೇ. 53 ಹೆಂಗಸರು, ಹುಡುಗಿಯರು. ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಾದಲ್ಲಂತೂ ಆ ವರ್ಷದ ಹೊಸ ಸೋಂಕಿನಲ್ಲಿ ಅವರ ಪಾಲು ಶೇ. 62. ಚೀಟಿ ಬರೆದವರು ಇನ್ನೂ 1981ರಲ್ಲೇ ಇದ್ದಾರೆ. ಐದಕ್ಕೆ ಮೂರು ಸ್ಟಾರ್. ಕತ್ತರಿಸಿದ ಎರಡು ಸ್ಟಾರ್ ಚೀಟಿಯ ಲೆಕ್ಕಕ್ಕೆ.

ಎರಡನೇ ಡಬ್ಬಿಯ ವಿಷಯ. ಬಸುರಿನಲ್ಲಿ ತಪಾಸಣೆ ಆಗುವುದರಿಂದ ಎಷ್ಟೋ ಮನೆಗಳಲ್ಲಿ ಹೆಂಡತಿಯದೇ ಮೊದಲು ಗೊತ್ತಾಗುತ್ತದೆ. ಮೊದಲು ಗೊತ್ತಾದವಳೇ ತಂದವಳು ಎಂದಾಗಿಬಿಡುತ್ತದೆ. ತಪಾಸಣೆ ಬೇಡವೆನ್ನುತ್ತಿಲ್ಲ. ಔಷಧಿಯಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ಹರಡುವ ಸಾಧ್ಯತೆ ಶೇ. 15ರಿಂದ 45; ಸರಿಯಾಗಿ ತೆಗೆದುಕೊಂಡರೆ ಶೇ. 5ಕ್ಕೂ ಕಡಿಮೆ. ಆದರೆ ಗಂಡನದೂ ಜೊತೆಗೇ ಆಗಲಿ. ಕೆಲವು ಕಡೆ ಬಸುರಿಯರ ಕೈಯಲ್ಲೇ ಅವನಿಗೆಂದು ಇಂಥದೊಂದು ಕಿಟ್ ಕೊಟ್ಟು ಕಳಿಸುತ್ತಾರೆ. ಕೈಯೆತ್ತುವ ಗಂಡನಿರುವ ಮನೆಯಲ್ಲಿ ಮಾತ್ರ ಈ ಉಪಾಯ ಬೇಡ.

ನಮ್ಮಲ್ಲಿ ಹೊಡೆತ ಬಡಿತ ಇಲ್ಲ, ಮಾತೂ ಕಡಿಮೆಯೇ. ಡಬ್ಬಿಯನ್ನು ಅವರ ಶೇವಿಂಗ್ ಸಾಮಾನಿನ ಪಕ್ಕ ಇಟ್ಟು ಹತ್ತು ದಿನವಾಯಿತು. ನಿನ್ನೆ ನೋಡಿದೆ. ಸೀಲು ಹಾಗೇ ಇದೆ. ಡಬ್ಬಿ ಮಾತ್ರ ಕನ್ನಡಿಯ ಹಿಂದಕ್ಕೆ ಸರಿದಿದೆ.