ಐವಿ ಅಭ್ಯಾಸದ ಸಿಲಿಕೋನ್ ಪ್ಯಾಡ್: ಎರಡು ವರ್ಷ ಚುಚ್ಚಿಸಿದ ಮೇಲೆ

ನಾನು ಹುಬ್ಬಳ್ಳಿಯಲ್ಲಿ ನರ್ಸಿಂಗ್ ಪಾಠ ಹೇಳುತ್ತೇನೆ. ಥಿಯರಿ ಸಂಜೆ ಆನ್‌ಲೈನ್. ಆದರೆ ಐವಿ, ಅಂದರೆ ರಕ್ತನಾಳಕ್ಕೆ ಸಲಾಯಿನ್ ಹಚ್ಚೋದನ್ನ ಸ್ಕ್ರೀನಿನಲ್ಲಿ ಹೇಗೆ ಕಲಿಸೋದು? ಅದಕ್ಕೇ ನಾಲ್ಕು ಪ್ಯಾಡ್ ತರಿಸಿದೆ. ಅಂಗೈಗಿಂತ ಸ್ವಲ್ಪ ದೊಡ್ಡವು, ಒಳಗೆ ರಕ್ತನಾಳದ ಹಾಗೆ ರಬ್ಬರ್ ನಳಿಕೆಗಳು, ಅವುಗಳಲ್ಲಿ ರಕ್ತದ ಬದಲು ಕೆಂಪು ನೀರು. ಒಂದು ನನ್ನ ಹತ್ತಿರ ಇದೆ. ಉಳಿದವು ವಿದ್ಯಾರ್ಥಿಗಳ ಮನೆಗೆ ಬಸ್ ಪಾರ್ಸಲ್‌ನಲ್ಲಿ ರೋಣ, ಅಣ್ಣಿಗೇರಿ, ಹಾನಗಲ್ ಅಂತ ಸುತ್ತುತ್ತಿರುತ್ತವೆ.

ಪ್ಯಾಡ್‌ಗಿಂತ ವಿಡಿಯೋ ಕರೆಯ ಫೋನ್ ಎಲ್ಲಿಡ್ತೀರಿ ಅನ್ನೋದೇ ಮುಖ್ಯ. ಮೇಲಿನಿಂದ ನೋಡಿದರೆ ಎಲ್ಲರದ್ದೂ ಸರಿಯಾಗೇ ಕಾಣುತ್ತೆ. ಪಕ್ಕದಿಂದ ನೋಡಿದಾಗ ಬಣ್ಣ ಬಯಲು: 15ರಿಂದ 30 ಡಿಗ್ರಿಯಲ್ಲಿ ಹೋಗಬೇಕಾದ ಕ್ಯಾನುಲಾ (ಸೂಜಿಯ ಮೇಲೆ ಕೂತ ಪ್ಲಾಸ್ಟಿಕ್ ನಳಿಕೆ), ಸೊಂಟಕ್ಕೆ ಇಂಜೆಕ್ಷನ್ ಮಾಡಿದ ಹಾಗೆ ನೆಟ್ಟಗೆ ನಿಂತಿರುತ್ತೆ! ಈಗ ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ ಪ್ಯಾಡಿನ ಮಟ್ಟಕ್ಕೇ ಇಡಿಸುತ್ತೇನೆ. ಒಬ್ಬ ಹುಡುಗಿ 22 ಗೇಜಿನ (ದಪ್ಪದ ಅಳತೆ) ನೀಲಿ ಕ್ಯಾನುಲಾ ಹಿಡಿದು ಎಂಟು ಸಲ ತಪ್ಪಿದಳು. ಒಂಬತ್ತನೇ ಸಲ ಹಿಂದಿನ ಚೇಂಬರಿನಲ್ಲಿ ಕೆಂಪು ಕಂಡಿದ್ದೇ ತಡ, "ಬಂತ್ರೀ ಮೇಡಂ!" ಅಂತ ಕೂಗಿ ಸೂಜಿಯನ್ನೇ ಹೊರಗೆ ಎಳೆದುಬಿಟ್ಟಳು. ಕೆಂಪು ಕಂಡ ಮೇಲೆ ಸೂಜಿ ತಗ್ಗಿಸಿ, ಒಂಚೂರು ಮುಂದೆ ಸರಿಸಿ, ಆಮೇಲೆ ಪ್ಲಾಸ್ಟಿಕ್ ನಳಿಕೆಯನ್ನಷ್ಟೇ ಒಳಗೆ ಜಾರಿಸಬೇಕು. ಬಾಯಲ್ಲಿ ಹತ್ತು ಸಲ ಹೇಳಿದ್ದೆ. ಅವತ್ತಿನಿಂದ ಮಾತ್ರ ಆಕೆ ಮರೆತಿಲ್ಲ.

ಬಾಳಿಕೆ ಸಾಧಾರಣ. ಮೊದಲ ಆರು ತಿಂಗಳು ತೂತು ತಾನೇ ಮುಚ್ಚಿಕೊಳ್ಳುತ್ತಿತ್ತು. ಈಗ ಮಧ್ಯದ ನಳಿಕೆ ಸೋರುತ್ತೆ. ದಪ್ಪಗಿದೆ ಅಂತ ಎಲ್ಲರೂ ಅದನ್ನೇ ಚುಚ್ಚೋದು, ಏನ್ಮಾಡೋದು? ಬಣ್ಣಕ್ಕೆ ಕುಂಕುಮದ ನೀರು ಹಾಕಲೇಬೇಡಿ. ಒಂದು ಮನೆಯಲ್ಲಿ ಹಾಗೆ ಮಾಡಿ ಗಸಿ ಕೂತು ನಳಿಕೆ ಕಟ್ಟಿತು. ಅಡುಗೆಯ ಕೆಂಪು ಬಣ್ಣ ಎರಡು ಹನಿ ಸಾಕು. ಮುಗಿದ ಮೇಲೆ ನೀರು ಪೂರ್ತಿ ಬಸಿಯಿರಿ, ಇಲ್ಲದಿದ್ದರೆ ಕಪ್ಪು ಬೂಷ್ಟು ಗ್ಯಾರಂಟಿ. ಧೂಳು ಜಾಸ್ತಿ ಅಂಟುತ್ತೆ, ಪೌಡರ್ ಸವರಿಡಿ.

ಪ್ಯಾಡ್ ಕೈ ಎಳೆದುಕೊಳ್ಳಲ್ಲ, "ಅಯ್ಯೋ" ಅನ್ನಲ್ಲ. ವಾರ್ಡಿನಲ್ಲಿ ಅಜ್ಜಿಯೊಬ್ಬರ ಕೈ ಹಿಡಿದಾಗ ರಕ್ತನಾಳ ಸರಕ್ಕನೆ ಜಾರುತ್ತೆ. ಪ್ಯಾಡಿನಲ್ಲಿ ಗೆದ್ದವರು ಅಲ್ಲಿ ಬೆವರುತ್ತಾರೆ. ಹಾಗಾಗಿ ರೋಗಿಗೆ ಮೊದಲ ಸಲ ಸೂಜಿ ಚುಚ್ಚುವಾಗ ನಾನು ಪಕ್ಕದಲ್ಲಿ ನಿಂತಿರಲೇಬೇಕು. ಪ್ಯಾಡ್ ನೋಡಿ ಅವರ ಕೆಲಸದ ದಾಖಲೆಯಾದ ಲಾಗ್‌ಬುಕ್‌ಗೆ ಸಹಿ ಹಾಕಲ್ಲ.

ಇನ್ನೊಂದು ನನ್ನದೇ ತಪ್ಪು. ಬಳಸಿದ ಸೂಜಿ ಎಲ್ಲಿ ಹಾಕಬೇಕು ಅಂತ ಮೊದಲು ಹೇಳಿರಲಿಲ್ಲ. ಒಬ್ಬಳು ಮನೆಯ ಕಸದ ಬುಟ್ಟಿಗೆ ಹಾಕಿ, ಅವರಮ್ಮನ ಬೆರಳಿಗೆ ಚುಚ್ಚಿತು. ರೋಗಿಗೆ ಬಳಸಿದ ಸೂಜಿಯಲ್ಲ, ಬಚಾವ್. ಈಗ ಪ್ರತಿ ಪಾರ್ಸಲ್ ಜೊತೆ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿ ಕಳಿಸುತ್ತೇನೆ. ಅದು ಮುಚ್ಚಿಕೊಂಡೇ ವಾಪಸ್ ಬರಬೇಕು.

ನಾಲ್ಕರಲ್ಲಿ ಎರಡು ಇನ್ನೂ ಓಡುತ್ತಿವೆ. ಮೊನ್ನೆ ಹೊಸದೊಂದು ತರಿಸಿದೆ, ಈ ಸಲ ನಳಿಕೆ ಬದಲಿಸೋಕೆ ಬರುವಂಥದ್ದು.