ಬಳ್ಳಾರಿ ಗೇಮ್ ಪಾರ್ಲರ್ ರಿವ್ಯೂ: ಕಂಟ್ರೋಲರ್ ಕೆಟ್ಟಿತ್ತು, ನಾನು ಹೆಡ್ ಕೋಚ್ ಆದೆ

ಅಂಗಡಿ ಹೆಸ್ರು ಹಾಕಂಗಿಲ್ಲ, ಯಾಕಂದ್ರ ಮುಂದ ಸ್ವಲ್ಪ ಬೈಯೋದೈತಿ, ಓನರ್ ಅಣ್ಣ ದಿನಾ ಎದುರಿಗೆ ಸಿಗ್ತಾನ. ಗಾಂಧಿನಗರದ ಕಡೆ, ಮೇಲಿನ ಮಹಡಿ, ಕೆಳಗ ಮಂಡಕ್ಕಿ ಮಿರ್ಚಿ ಬಂಡಿ ನಿಲ್ತೈತಿ, ಗೊತ್ತಿದ್ದೋರಿಗೆ ಗೊತ್ತಾಗ್ತೈತಿ.

ತಾಸಿಗೆ 80 ರೂಪಾಯಿ, ಇಬ್ರು ಕುಂತ್ರ 120. ಏಸಿ ಚಲೋ ಐತಿ, ಏಪ್ರಿಲ್ ಬಿಸಿಲಿಗೆ ಇದೊಂದಕ್ಕೇ ಅರ್ಧ ಸ್ಟಾರ್ ಜಾಸ್ತಿ. ಮಿರ್ಚಿ ತಿಂದ ಕೈಲಿ ಕಂಟ್ರೋಲರ್ ಮುಟ್ಟಬ್ಯಾಡ್ರಿ ಅಂತ ಬೋರ್ಡ್ ಹಾಕ್ಯಾನ, ಆದ್ರೂ ಎಲ್ಲಾದಕ್ಕೂ ಜಿಡ್ಡು. ಸಂಜೆ ಆದ್ರ ಕ್ರಿಕೆಟ್, ಕಾರ್ ರೇಸ್ ಟಿವಿಗೆಲ್ಲ ಹುಡುಗ್ರು ಮುಗಿಬಿದ್ದಿರ್ತಾರ, ಖಾಲಿ ಇರೋದು ಮೂಲೆ ಟಿವಿ ಒಂದೇ, ಅದ್ರಾಗ ಯಾರೂ ಮುಟ್ಟದ ಹಳೇ ಡಿಸ್ಕು, ಮ್ಯಾಡನ್, ಅಂದ್ರ ಅಮೆರಿಕನ್ ಫುಟ್ಬಾಲ್. ನಾನು ನಮ್ಮ ಚಿಕ್ಕಪ್ಪನ ಮಗ ಇಬ್ರೂ ಅಲ್ಲೇ ಕುಂತ್ವಿ, ಬ್ಯಾರೆ ದಾರಿ ಇರ್ಲಿಲ್ಲ.

ಎರಡು ಕಂಟ್ರೋಲರ್ ಕೊಟ್ಟ, ಒಂದ್ರ ಸ್ಟಿಕ್ ತಾನಾಗೇ ಎಡಕ್ಕ ಎಳೀತೈತಿ. ಹೇಳಿದ್ರ "ಅಡ್ಜಸ್ಟ್ ಮಾಡ್ಕೊಳ್ರಿ" ಅಂದ, 120 ಮಾತ್ರ ಪೂರ್ತಿ ತಗೊಂಡ. ಸರಿ ಅಂತ ತಮ್ಮ ಆಡೋದು, ಯಾವ ಪ್ಲೇ, ಅಂದ್ರ ಯಾವ ಪ್ಲಾನ್, ಆಡ್ಬೇಕು ಅನ್ನೋದು ನಾನು ಹೇಳೋದು ಅಂತ ಮಾಡ್ಕೊಂಡ್ವಿ. ಗೊತ್ತಿಲ್ದೋರಿಗೆ: ನಾಲ್ಕು ಚಾನ್ಸ್‌ನಾಗ (ಒಂದೊಂದಕ್ಕೂ ಡೌನ್ ಅಂತಾರ) 10 ಯಾರ್ಡ್ ಮುಂದ ಹೋಗ್ಬೇಕು, ಹೋದ್ರ ಮತ್ತೆ ನಾಲ್ಕು, ನಾಲ್ಕನೇದು ನಮ್ಮ ಕಬಡ್ಡಿ ಡೂ ಆರ್ ಡೈ ರೇಡ್ ಇದ್ದಂಗ, ಆದ್ರ ಇಲ್ಲಿ ಚೆಂಡನ್ನ ದೂರ ಒದ್ದು ತಪ್ಪಿಸ್ಕೊಳ್ಳೋಕೂ ಬರ್ತೈತಿ.

ಜಾನ್ ಮ್ಯಾಡನ್ ಅನ್ನೋನು ನಿಜವಾದ ಕೋಚ್, ಓಕ್ಲೆಂಡ್ ರೈಡರ್ಸ್‌ಗೆ 10 ಸೀಸನ್, ಒಂದ್ರಾಗೂ ಗೆದ್ದಿದ್ದಕ್ಕಿಂತ ಸೋತಿದ್ದು ಹೆಚ್ಚಿಲ್ಲ, 1977ರ ಜನವರಿನಾಗ ಸೂಪರ್ ಬೌಲ್, ಅಂದ್ರ ಅಲ್ಲಿನ ಲೀಗ್ ಫೈನಲ್, ಗೆದ್ದ. ಗೇಮ್‌ಗೆ ಹೆಸ್ರು ಕೊಡು ಅಂತ ಬಂದಾಗ ತಂಡಕ್ಕ 11 ಜನ ಇರ್ಲೇಬೇಕು, ಕಮ್ಮಿ ಇದ್ರ ಅದು ಫುಟ್ಬಾಲೇ ಅಲ್ಲ ಅಂತ ಹಠ ಹಿಡಿದ, ಅದಕ್ಕೇ ಮೊದಲ್ನೇ ಗೇಮ್ ಬರೋ ಹೊತ್ತಿಗೆ 1988 ಆಯ್ತು.

ಮೊದ್ಲು ಎರಡು ವಾರ ನಾನು ಹೇಳಿದ್ದೆಲ್ಲಾ ದೂರದ ಎಸೆತ, 40 ಯಾರ್ಡ್, 50 ಯಾರ್ಡ್, ನೋಡೋಕ ಮಜಾ. ಎಲ್ಲಾ ಸೋತ್ವಿ. ಒಂದಿನ ತಮ್ಮ ಕಂಟ್ರೋಲರ್ ಕೆಳಗಿಟ್ಟು "ಅಣ್ಣ, ನಿನಗ ಬೇಕಾದ್ದು ಹೇಳ್ತಿ, ನನ್ನ ಕೈಲಾಗೋದು ಹೇಳಲ್ಲ" ಅಂದ. ಸಿಟ್ಟು ಬಂತು, ಮನೀಗೆ ಬಂದು ಮೊಬೈಲ್‌ನಾಗ ಓದ್ದೆ. ಬಿಲ್ ವಾಲ್ಶ್ ಅಂತ ಒಬ್ಬ, 1970ರಾಗ ಸಿನ್ಸಿನಾಟಿಯೊಳಗ ಸಹಾಯಕ ಕೋಚ್. ಅವ್ನಿಗೆ ಸಿಕ್ಕ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯೋ ಮುಖ್ಯ ಆಟಗಾರ) ವರ್ಜಿಲ್ ಕಾರ್ಟರ್‌ಗೆ ಗುರಿ ಚಲೋ, ತೋಳಿನಾಗ ಬಲ ಕಮ್ಮಿ. ವಾಲ್ಶ್ ಅವನನ್ನ ಬೈಕೊಂತ ಕೂರ್ಲಿಲ್ಲ, ಆಟಾನೇ ಬದಲಿಸ್ದ, ಸಣ್ಣ ಸಣ್ಣ ಪಾಸು, ಅಗಲಕ್ಕ ಹರಡೋದು. ಅದೇ ಮುಂದ ವೆಸ್ಟ್ ಕೋಸ್ಟ್ ಅಫೆನ್ಸ್ ಅನ್ನೋ ಆಟದ ಪದ್ಧತಿ ಆಯ್ತು. 1979ರಾಗ ಸ್ಯಾನ್ ಫ್ರಾನ್ಸಿಸ್ಕೊ ಹೆಡ್ ಕೋಚ್ ಆದ, ಮೊದಲ ವರ್ಷ 16ರಾಗ ಎರಡೇ ಗೆಲುವು, ಮೂರನೇ ಸೀಸನ್‌ಗೆ ಸೂಪರ್ ಬೌಲ್. ಒಟ್ಟು ಮೂರು ಸೂಪರ್ ಬೌಲ್ ಗೆದ್ದ. ಪಂದ್ಯದ ಮೊದಲ ಹದಿನೈದು ಪ್ಲೇ ಮುಂಚೇನೇ ಬರದಿಟ್ಕೊಳ್ತಿದ್ನಂತ, ಗದ್ದಲದಾಗ ತಲೆ ಓಡಂಗಿಲ್ಲ ಅಂತ.

ಮರುದಿನ ನಾನೂ ನೋಟ್‌ಬುಕ್ ಹಿಡ್ಕೊಂಡು ಹೋದೆ, ಓನರ್ ಅಣ್ಣ ನಕ್ಕ. ತಮ್ಮಗ ಬರೋದು ಐದಾರು ಯಾರ್ಡ್ ಪಾಸು, ಅದನ್ನೇ ತಿರುಗಿಸಿ ಮುರುಗಿಸಿ ಬರ್ಕೊಂಡಿದ್ದೆ. ಅವತ್ತು ಗೆದ್ವಿ, 17-14.

ಗೆದ್ದ ಮೇಲೆ ತಮ್ಮ ಕೆಳಗ ಮಿರ್ಚಿ ತಿನ್ನುವಾಗ "ಆಡಿದ್ದು ನಾನು" ಅಂತ ಶುರು ಮಾಡ್ದ. ಈ ಜಗಳ ಅಮೆರಿಕದಾಗೂ ಮುಗಿದಿಲ್ಲ. ಕೋಚ್ ಬಿಲ್ ಬೆಲಿಚಿಕ್ ಕ್ಲೀವ್‌ಲ್ಯಾಂಡ್‌ನಾಗ ಐದು ಸೀಸನ್ ಇದ್ದ, ಚಲೋ ಆಗಿದ್ದು ಒಂದೇ, ಕಳಿಸ್ಬಿಟ್ರು. ನ್ಯೂ ಇಂಗ್ಲೆಂಡ್‌ಗೆ ಹೋಗಿ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರಾಡಿ ಜೊತೆ ಆರು ಸೂಪರ್ ಬೌಲ್ ಗೆದ್ದ. 2020ರಾಗ ಬ್ರಾಡಿ ಟ್ಯಾಂಪಾ ಕಡೆ ಹೋದ, ಆ ಸೀಸನ್‌ನಾಗೇ ಅಲ್ಲಿ ಗೆದ್ದ, ಇಲ್ಲಿ ಬೆಲಿಚಿಕ್‌ಗೆ ಆಮೇಲಿನ ನಾಲ್ಕು ಸೀಸನ್‌ನಾಗ ಗೆಲುವು ಹೆಚ್ಚಿದ್ದು ಒಂದ್ರಾಗ ಮಾತ್ರ. ನಾನು ಇದನ್ನ ತಮ್ಮಗ ಹೇಳಬಾರದಿತ್ತು, ಈಗ ದಿನಾ ಹೇಳ್ತಾನ. ಆದ್ರ ಬ್ರಾಡಿಯನ್ನ 2000ದ ಡ್ರಾಫ್ಟ್‌ನಾಗ (ಟೀಮುಗಳು ಸರದಿ ಮ್ಯಾಲೆ ಹೊಸ ಆಟಗಾರರನ್ನ ಆರಿಸ್ಕೊಳ್ಳೋದು) 199ನೇ ನಂಬರ್‌ತನಕ ಯಾರೂ ಕೇಳಿರ್ಲಿಲ್ಲ, ಅವನನ್ನ ತಗೊಂಡು ಆಡ್ಸಿದ್ದು ಯಾರಪ್ಪಾ ಅಂತ ನಾನೂ ಬಿಡಂಗಿಲ್ಲ.

ಧೈರ್ಯದ ವಿಷಯ ಬಂದ್ರ ನನಗ ಫಿಲಡೆಲ್ಫಿಯಾದ ಕೋಚ್ ಡಗ್ ಪೀಡರ್ಸನ್ ಇಷ್ಟ. 2018ರ ಸೂಪರ್ ಬೌಲ್, ಹಾಫ್ ಟೈಮ್‌ಗೆ ಸ್ವಲ್ಪ ಮುಂಚೆ, ನಾಲ್ಕನೇ ಡೌನ್, ಒಂದು ಯಾರ್ಡ್ ಬಾಕಿ. ಗೋಲ್ ಕಂಬದ ನಡುವ ಒದ್ರ ಮೂರು ಪಾಯಿಂಟ್ ಗ್ಯಾರಂಟಿ ಇದ್ದಂಗ. ಕ್ವಾರ್ಟರ್‌ಬ್ಯಾಕ್ ನಿಕ್ ಫೋಲ್ಸ್ ಬಂದು ಒಂದು ಟ್ರಿಕ್ ಪ್ಲೇ ಹೆಸ್ರು ಹೇಳಿ ಮಾಡೋಣೇನು ಅಂತ ಕೇಳ್ದ, ಇವ್ನು ಹೂಂ ಅಂದ. ಎಸೀಬೇಕಾದ ಫೋಲ್ಸೇ ಕ್ಯಾಚ್ ಹಿಡಿದ, 41-33 ಗೆದ್ರು. ಆಟಗಾರ ಹೇಳಿದ್ದನ್ನ ಕೋಚ್ ಕೇಳಿದ. ಮೂರು ವರ್ಷಕ್ಕ ಅದೇ ಟೀಮು ಅವನನ್ನ ಮನೀಗೆ ಕಳಿಸ್ತು, ಅದು ಬ್ಯಾರೆ ಕಥಿ.

ನಾನೂ ಹಂಗೇ ನಾಲ್ಕನೇ ಡೌನ್‌ಗೆ ಧೈರ್ಯ ಮಾಡ್ದೆ, ಚೆಂಡು ಗಾಳಿಯಾಗ ಇರುವಾಗ ಕರೆಂಟ್ ಹೋಯ್ತು. ಇನ್ವರ್ಟರ್ ಲೈಟಿಗೆ ಮಾತ್ರ ಅಂತ ಆಗ ತಿಳೀತು. ರೊಕ್ಕ ವಾಪಸ್ ಇಲ್ಲ, ಹದಿನೈದು ನಿಮಿಷ ನಾಳೆ ಸೇರಿಸ್ತೀನಿ ಅಂದ, ಮರುದಿನ ಮರೆತಿದ್ದ.

ಒಟ್ಟು ಮೂರು ಸ್ಟಾರು, ಏಸಿದು ಸೇರಿ ಮೂರೂವರೆ. ಮಧ್ಯಾಹ್ನ ಹೋಗ್ರಿ, ಗದ್ದಲ ಇರಂಗಿಲ್ಲ. ಕರಿ ಟೇಪ್ ಸುತ್ತಿದ ಕಂಟ್ರೋಲರ್ ಕೊಟ್ರ ತಗೋಬ್ಯಾಡ್ರಿ, ಎಡಕ್ಕ ಎಳಿಯೋದು ಅದೇ.